ಐಕಾನ್ ಕೈಕೊಟ್ಟರೆ ಸಾಫ್ಟ್‌ವೇರ್ ಹೋದಂತಲ್ಲ

2023ರ ಜನವರಿ 13, ಶುಕ್ರವಾರ. ಸಂಕ್ರಾಂತಿ ಹತ್ತಿರವಿತ್ತು. ಆ ದಿನ ಜಗತ್ತಿನ ಹಲವು ಕಡೆ ಕಚೇರಿಗಳಲ್ಲಿ ಕೆಲಸಕ್ಕೆ ಕೂತವರಿಗೆ ಕಂಪ್ಯೂಟರಿನಲ್ಲಿ ವರ್ಡ್ ಕಾಣಲಿಲ್ಲ, ಎಕ್ಸೆಲ್ ಕಾಣಲಿಲ್ಲ, ಕ್ರೋಮ್ ಕೂಡ ಕಾಣಲಿಲ್ಲ. ಡೆಸ್ಕ್‌ಟಾಪಿನಿಂದ, ಸ್ಟಾರ್ಟ್ ಮೆನುವಿನಿಂದ, ಕೆಳಗಿನ ಟಾಸ್ಕ್‌ಬಾರಿನಿಂದ ಐಕಾನ್‌ಗಳು ಅಳಿಸಿಹೋಗಿದ್ದವು. ಅಳಿಸಿದ್ದು ಮೈಕ್ರೋಸಾಫ್ಟ್‌ನದೇ ಆದ ಡಿಫೆಂಡರ್. ಆಫೀಸ್ ಫೈಲುಗಳೊಳಗೆ ಅಡಗಿ ಬರುವ ಕೇಡಿನ ಮ್ಯಾಕ್ರೋಗಳನ್ನು, ಅಂದರೆ ಕಿರು ಪ್ರೋಗ್ರಾಂಗಳನ್ನು, ತಡೆಯಲೆಂದು ಅದರಲ್ಲೊಂದು ನಿಯಮವಿದೆ. ಅಂದು ಬಂದ ಅಪ್‌ಡೇಟಿನಲ್ಲಿ ಎಡವಟ್ಟಾಗಿ, ಆ ನಿಯಮವನ್ನು ಚಾಲೂ ಇಟ್ಟುಕೊಂಡಿದ್ದ ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಡಿಫೆಂಡರ್ ಸಾಮಾನ್ಯ ಶಾರ್ಟ್‌ಕಟ್‌ಗಳನ್ನೇ ಅಪಾಯಕಾರಿ ಎಂದು ಬಗೆದು ತೆಗೆದುಹಾಕಿತು. ಮೈಕ್ರೋಸಾಫ್ಟ್ ತಪ್ಪನ್ನು ಸರಿಪಡಿಸಿದ್ದಲ್ಲದೆ, ಹೋದ ಶಾರ್ಟ್‌ಕಟ್‌ಗಳನ್ನು ಮತ್ತೆ ಹುಟ್ಟಿಸಲು ಒಂದು ಸ್ಕ್ರಿಪ್ಟನ್ನೂ ಹೊರಬಿಡಬೇಕಾಯಿತು.

ಅಂದು ಪ್ರೋಗ್ರಾಂಗಳು ಇದ್ದಲ್ಲೇ ಇದ್ದವು. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಮೂಲೆಯಲ್ಲಿ ಬರುವ ಪುಟ್ಟ ಪೆಟ್ಟಿಗೆಯಲ್ಲಿ ವಿನ್‌ವರ್ಡ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಎಂಟರ್ ಹೊಡೆದರೆ ವರ್ಡ್ ಎಂದಿನಂತೆ ತೆರೆಯುತ್ತಿತ್ತು. ಇದು ಗೊತ್ತಿದ್ದವರು ಕೆಲಸ ಮುಂದುವರಿಸಿದರು. ಗೊತ್ತಿಲ್ಲದವರು ಆಫೀಸ್ ಪೂರ್ತಿ ಹೋಯಿತೆಂದುಕೊಂಡು ಐಟಿ ವಿಭಾಗಕ್ಕೆ ಫೋನ್ ಮಾಡಿದರು.

ನನಗೆ ಬರುವ ಓದುಗರ ಪತ್ರಗಳಲ್ಲೂ ಇದೇ ಗಾಬರಿ. "ನುಡಿ ಡಿಲೀಟ್ ಆಗಿಬಿಟ್ಟಿದೆ, ಮತ್ತೆ ಎಲ್ಲಿಂದ ಹಾಕಿಕೊಳ್ಳಲಿ?" ಎಂದು ಕನ್ನಡ ಟೈಪಿಸುವ ತಂತ್ರಾಂಶದ ಬಗ್ಗೆ ಒಬ್ಬರು ಕೇಳುತ್ತಾರೆ. ಇನ್ನೊಬ್ಬರ ಐಕಾನ್ ಬಿಳಿ ಹಾಳೆಯಂತಾಗಿದೆ. ಮತ್ತೊಬ್ಬರಿಗೆ ಯಾವ ಐಕಾನ್ ಒತ್ತಿದರೂ ನೋಟ್‌ಪ್ಯಾಡೇ ತೆರೆಯುತ್ತದೆ. ಇಂಥ ಪತ್ರಗಳಲ್ಲಿ ಕೊನೆಗೆ ಬರುವ ಸಾಲು ಒಂದೇ: ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಿದ್ದಾರೆ, ಮಾಡಿಸಲೇ? ಬೇಡ. ಫಾರ್ಮ್ಯಾಟ್ ಎಂದರೆ ಫೋಟೋ, ಪತ್ರ, ಲೆಕ್ಕ ಎಲ್ಲವನ್ನೂ ಪಣಕ್ಕಿಡುವುದು. ಒಂದು ಐಕಾನಿನ ಸಲುವಾಗಿ ಅಷ್ಟು ದೂರ ಹೋಗಬೇಕಾದ ಸಂದರ್ಭ ಬರುವುದೇ ಇಲ್ಲ ಅನ್ನಬಹುದು.

ಡೆಸ್ಕ್‌ಟಾಪಿನ ಮೇಲೆ ಕಾಣುವ ಚಿತ್ರಗಳಲ್ಲಿ ಬಹುಪಾಲು ಸಾಫ್ಟ್‌ವೇರ್ ಅಲ್ಲ. ಸಾಫ್ಟ್‌ವೇರ್ ಇರುವುದು ಸಾಮಾನ್ಯವಾಗಿ ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನೊಳಗೆ, ಹತ್ತಾರು ಅಥವಾ ನೂರಾರು ಫೈಲುಗಳ ಗುಂಪಾಗಿ. ಪರದೆಯ ಮೇಲಿರುವುದು ಮದುವೆ ಮನೆಗೆ ದಾರಿ ಬರೆದುಕೊಟ್ಟ ಚೀಟಿ. ಚೀಟಿ ಹರಿದುಹೋದರೆ ಮದುವೆ ನಿಲ್ಲುವುದಿಲ್ಲ. ಛತ್ರ ಬದಲಾದದ್ದು ಗೊತ್ತಿಲ್ಲದೆ ಹಳೆಯ ಚೀಟಿ ಹಿಡಿದು ಹೊರಟವರು ಮಾತ್ರ ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ.

ಮ್ಯಾಕ್ ಕಂಪ್ಯೂಟರುಗಳಿಗೆ ಈ ಸೌಲಭ್ಯ 1991ರಲ್ಲಿ, ಸಿಸ್ಟಂ 7ರ ಜೊತೆ, ಏಲಿಯಸ್ ಎಂಬ ಹೆಸರಿನಲ್ಲಿ ಬಂತು. ವಿಂಡೋಸ್‌ನಲ್ಲಿ ಶಾರ್ಟ್‌ಕಟ್ ಕಾಣಿಸಿಕೊಂಡದ್ದು 1995ರ ಆಗಸ್ಟಿನಲ್ಲಿ, ವಿಂಡೋಸ್ 95 ಬಿಡುಗಡೆಯಾದಾಗ. ಅದು ಸ್ವತಃ ಒಂದು ಫೈಲು. ಗಾತ್ರ ಹೆಚ್ಚಾಗಿ ಒಂದೆರಡು ಕೆಬಿ. ಹೆಸರಿನ ಬಾಲದಲ್ಲಿ ಚುಕ್ಕೆ ಹಾಕಿ ಎಲ್, ಎನ್, ಕೆ ಎಂಬ ಮೂರು ಅಕ್ಷರಗಳಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅದರೊಳಗೆ ಪ್ರೋಗ್ರಾಂ ಎಲ್ಲಿದೆ ಎಂಬ ವಿಳಾಸ, ತೋರಿಸಬೇಕಾದ ಚಿತ್ರ ಎಲ್ಲಿದೆ ಎಂಬ ಇನ್ನೊಂದು ವಿಳಾಸ, ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿ ಕೂತು ಕೆಲಸ ಶುರು ಮಾಡಬೇಕು ಎಂಬ ಸೂಚನೆ, ಬೇಕಿದ್ದರೆ ಒಂದು ಶಾರ್ಟ್‌ಕಟ್ ಕೀಲಿ, ಇಂಥವಿಷ್ಟು ಬರೆದಿರುತ್ತದೆ. ಐಕಾನಿನ ಎಡ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್ ಎಂದರ್ಥ. ಈ ಬಾಣ ಅಂದಗೆಡಿಸುತ್ತದೆಂದು ಅದನ್ನು ತೆಗೆಯುವ ಉಪಾಯಗಳು ಚಾಲ್ತಿಯಲ್ಲಿವೆ. ದಯವಿಟ್ಟು ತೆಗೆಯಬೇಡಿ. ಯಾವುದು ನಿಜವಾದ ಫೈಲು, ಯಾವುದು ಬರೀ ವಿಳಾಸ ಎಂದು ನೋಡಿದೊಡನೆ ತಿಳಿಸುವ ಗುರುತು ಅದೊಂದೇ.

ಇಷ್ಟು ತಿಳಿದರೆ ಪರೀಕ್ಷೆ ಸುಲಭ. ಕೆಟ್ಟಿರುವುದು ಚಿತ್ರವೋ, ವಿಳಾಸವೋ, ಪ್ರೋಗ್ರಾಮೋ? ಮೊದಲು ಐಕಾನನ್ನು ಬಿಟ್ಟು ಪ್ರೋಗ್ರಾಮನ್ನೇ ಹುಡುಕಿ. ಸ್ಟಾರ್ಟ್ ಒತ್ತಿ ಅದರ ಹೆಸರಿನ ಮೊದಲ ಎರಡು ಮೂರು ಅಕ್ಷರ ಟೈಪಿಸಿದರೆ ಸಾಕು. ಅಲ್ಲಿಂದ ತೆರೆದರೆ ಪ್ರೋಗ್ರಾಂ ಕ್ಷೇಮವಾಗಿದೆ, ತಕರಾರು ಡೆಸ್ಕ್‌ಟಾಪಿನ ಚೀಟಿಯದು. ಆ ಐಕಾನನ್ನು ಡಿಲೀಟ್ ಮಾಡಿ ಹೊಸದು ಮಾಡಿಕೊಂಡರೆ ಮುಗಿಯಿತು. ಸ್ಟಾರ್ಟ್ ಮೆನುವಿನ ಪಟ್ಟಿಯಿಂದ ಹೆಸರನ್ನು ಹಿಡಿದು ಡೆಸ್ಕ್‌ಟಾಪಿಗೆ ಎಳೆದು ಬಿಟ್ಟರೆ ಹೊಸ ಶಾರ್ಟ್‌ಕಟ್ ತಯಾರು. ಎಳೆಯಲು ಬಾರದಿದ್ದರೆ ಇನ್ನೊಂದು ದಾರಿಯಿದೆ. ವಿಂಡೋಸ್ ಮತ್ತು ಆರ್ ಒತ್ತಿ, ಪೆಟ್ಟಿಗೆಯಲ್ಲಿ ಶೆಲ್, ಕೋಲನ್ ಚಿಹ್ನೆ, ಆ್ಯಪ್ಸ್‌ಫೋಲ್ಡರ್ ಎಂದು ಜಾಗ ಬಿಡದೆ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಕಂಪ್ಯೂಟರಿನಲ್ಲಿರುವ ಆಪ್‌ಗಳೆಲ್ಲ ಒಂದೇ ಕಿಟಕಿಯಲ್ಲಿ ಸಾಲಾಗಿ ಬರುತ್ತವೆ. ಬೇಕಾದುದರ ಮೇಲೆ ರೈಟ್ ಕ್ಲಿಕ್ ಮಾಡಿ ಕ್ರಿಯೇಟ್ ಶಾರ್ಟ್‌ಕಟ್ ಆರಿಸಿ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಂಡ ಆಪ್‌ಗಳಿಗೂ ಇದು ನಡೆಯುತ್ತದೆ. ಅವುಗಳ ಮೂಲ ಫೈಲನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹುಡುಕುತ್ತ ಕೂರುವ ಕಷ್ಟ ಇರುವುದಿಲ್ಲ.

ಡಿಲೀಟ್ ಎಂದೊಡನೆ ಅನೇಕರ ಕೈ ಹಿಂಜರಿಯುತ್ತದೆ. ಶಾರ್ಟ್‌ಕಟ್ ಅಳಿಸಿದರೆ ಸಾಫ್ಟ್‌ವೇರ್ ಹೋಗುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಕಂಪ್ಯೂಟರ್ ನಿಧಾನವಾಯಿತೆಂದು ಡೆಸ್ಕ್‌ಟಾಪಿನ ಐಕಾನ್‌ಗಳನ್ನೆಲ್ಲ ಅಳಿಸಿ ಜಾಗ ಉಳಿಸಿದೆವೆಂದು ನೆಮ್ಮದಿಯಾಗುವವರನ್ನು ನೋಡಿದ್ದೇನೆ. ಉಳಿದದ್ದು ಕೆಲವೇ ಕೆಬಿ. ಸಾಫ್ಟ್‌ವೇರನ್ನು ನಿಜವಾಗಿ ತೆಗೆಯಬೇಕೆಂದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿಯಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಕು.

ಚಿತ್ರ ಮಾತ್ರ ಕೆಟ್ಟಿರುವುದು ಇವುಗಳಲ್ಲೆಲ್ಲ ಹಗುರವಾದ ತೊಂದರೆ. ಐಕಾನ್ ಬಿಳಿಯಾಗಿದೆ, ಅಥವಾ ವರ್ಡ್‌ನ ಜಾಗದಲ್ಲಿ ಬೇರೆ ಯಾವುದೋ ಚಿತ್ರ ಬಂದಿದೆ, ಆದರೆ ಡಬಲ್ ಕ್ಲಿಕ್ ಮಾಡಿದರೆ ಸರಿಯಾದ ಪ್ರೋಗ್ರಾಮೇ ತೆರೆಯುತ್ತದೆ. ಪ್ರತಿ ಸಲವೂ ಪ್ರತಿಯೊಂದು ಪ್ರೋಗ್ರಾಂ ಫೈಲಿನ ಒಳಹೊಕ್ಕು ಚಿತ್ರ ತೆಗೆದು ತರುವುದು ನಿಧಾನದ ಕೆಲಸ. ಅದಕ್ಕೆ ವಿಂಡೋಸ್ ಒಮ್ಮೆ ತಂದ ಚಿತ್ರಗಳನ್ನು ಕ್ಯಾಶ್ ಫೈಲುಗಳಲ್ಲಿ ಶೇಖರಿಸಿಟ್ಟುಕೊಳ್ಳುತ್ತದೆ. ಈ ಶೇಖರಣೆ ಕೆಟ್ಟರೆ ಚಿತ್ರಗಳು ಅದಲುಬದಲಾಗುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ, ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ. ಪರದೆ ಒಮ್ಮೆ ಮಿಂಚಿ ಮರಳುತ್ತದೆ. ತೆರೆದಿಟ್ಟ ವರ್ಡ್ ಫೈಲಿಗೆ ಏನೂ ಆಗುವುದಿಲ್ಲ. ಇದರಿಂದಲೂ ಸರಿಹೋಗದಿದ್ದರೆ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಚೇಂಜ್ ಐಕಾನ್ ಒತ್ತಿ ಸರಿಯಾದ ಚಿತ್ರವನ್ನು ಮತ್ತೊಮ್ಮೆ ಆರಿಸಿಕೊಡಬಹುದು. ಐಕಾನ್‌ಗಳೆಲ್ಲ ಇದ್ದಕ್ಕಿದ್ದಂತೆ ದೊಡ್ಡದಾದರೆ ಕಂಟ್ರೋಲ್ ಕೀಲಿ ಹಿಡಿದು ಮೌಸಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಎಲ್ಲವೂ ಒಟ್ಟಿಗೆ ಕಾಣೆಯಾಗಿ ಬರೀ ವಾಲ್‌ಪೇಪರ್ ಉಳಿದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಎಂಬುದರ ಮುಂದೆ ಟಿಕ್ ಇದೆಯೇ ನೋಡಿ. ಮಕ್ಕಳ ಕೈಗೆ ಮೌಸ್ ಸಿಕ್ಕ ಮನೆಗಳಲ್ಲಿ ಇವೆರಡೂ ದಿನನಿತ್ಯದ ಸಂಗತಿ.

ವಿಳಾಸ ಕೆಟ್ಟಾಗ ಮಾತ್ರ ನಿಧಾನವಾಗಿ ಕೂತು ನೋಡಬೇಕು. ಐಕಾನಿನ ಮೇಲೆ ರೈಟ್ ಕ್ಲಿಕ್, ಪಟ್ಟಿಯ ಕೊನೆಯಲ್ಲಿ ಪ್ರಾಪರ್ಟೀಸ್. ತೆರೆದ ಕಿಟಕಿಯಲ್ಲಿ ಶಾರ್ಟ್‌ಕಟ್ ಎಂಬ ಹಾಳೆ. ಅದರಲ್ಲಿ ಟಾರ್ಗೆಟ್ ಎಂಬ ಪೆಟ್ಟಿಗೆಯಲ್ಲಿರುವುದೇ ಪ್ರೋಗ್ರಾಮಿನ ವಿಳಾಸ. ಅದರ ಕೆಳಗೆ ಸ್ಟಾರ್ಟ್ ಇನ್. ಇನ್ನೂ ಕೆಳಗೆ ಓಪನ್ ಫೈಲ್ ಲೊಕೇಶನ್ ಎಂಬ ಗುಂಡಿ. ಅದನ್ನು ಒತ್ತಿದಾಗ ಪ್ರೋಗ್ರಾಂ ಇರುವ ಫೋಲ್ಡರ್ ತೆರೆದುಕೊಂಡರೆ ವಿಳಾಸ ಸರಿಯಿದೆ. ಗೊಣಗಿದರೆ ವಿಳಾಸದಲ್ಲಿದ್ದವರು ಅಲ್ಲಿಲ್ಲ. ಕಂಪ್ಯೂಟರಿನ ಬಗ್ಗೆ ಹೆದರಿಕೆಯಿರುವ ಯಾರೇ ಆದರೂ ಮೊದಲು ಕಲಿಯಬೇಕಾದ ಕಿಟಕಿ ಇದು ಎಂಬುದು ನನ್ನ ನಂಬಿಕೆ. ಇದನ್ನು ತೆರೆದು ಓದಿ ಕ್ಯಾನ್ಸಲ್ ಒತ್ತಿದರೆ ಯಾವುದೂ ಬದಲಾಗುವುದಿಲ್ಲ, ಯಾವುದೂ ಕೆಡುವುದಿಲ್ಲ.

ಒಂದು ಸಹಕಾರ ಸಂಘದ ಕಚೇರಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ ಹಳೆಯ ಕಾಲದ ಒಂದು ಲೆಕ್ಕಪತ್ರದ ಪ್ರೋಗ್ರಾಂ ಇತ್ತು. ಡೆಸ್ಕ್‌ಟಾಪಿನ ಐಕಾನ್ ಒತ್ತಿದರೆ ಅದು ತೆರೆಯುತ್ತಿತ್ತು, ಆದರೆ ಸದಸ್ಯರ ಪಟ್ಟಿ ಖಾಲಿ, ಖಾತೆಗಳು ಖಾಲಿ. ಆಡಿಟ್ ಹತ್ತಿರ ಬಂದಿತ್ತು. ಕಾರ್ಯದರ್ಶಿಯವರ ಮುಖದಲ್ಲಿ ರಕ್ತವಿರಲಿಲ್ಲ. ವರ್ಷಗಳ ಲೆಕ್ಕ ಹೋಯಿತೆಂದೇ ಎಲ್ಲರ ತೀರ್ಮಾನ. ಹಾರ್ಡ್ ಡಿಸ್ಕಿನಿಂದ ಡೇಟಾ ರಿಕವರಿ ಮಾಡುವವರನ್ನು ಕರೆಸುವ ಮಾತು ನಡೆದಿತ್ತು. ನಾನು ಕೇಳಿದ್ದು ಒಂದೇ: ಈ ಐಕಾನ್ ಹಳೆಯದೋ, ಹೊಸದೋ? ಹಳೆಯದು ಎಲ್ಲೋ ಅಳಿಸಿಹೋಗಿತ್ತಂತೆ, ಯಾರೋ ಪ್ರೋಗ್ರಾಂ ಫೋಲ್ಡರಿನಿಂದ ಹೊಸದು ಮಾಡಿಕೊಟ್ಟಿದ್ದರಂತೆ.

ಪ್ರಾಪರ್ಟೀಸ್ ತೆರೆದೆವು. ಟಾರ್ಗೆಟ್ ಸರಿಯಾಗಿಯೇ ಇತ್ತು. ಸ್ಟಾರ್ಟ್ ಇನ್ ಎಂಬಲ್ಲಿ ಮಾತ್ರ ಸಿ ಡ್ರೈವಿನ ಪ್ರೋಗ್ರಾಂ ಫೋಲ್ಡರಿನ ವಿಳಾಸವೇ ಇತ್ತು. ಹೊಸ ಶಾರ್ಟ್‌ಕಟ್ ಮಾಡಿದಾಗ ವಿಂಡೋಸ್ ಅಲ್ಲಿ ತಾನಾಗಿ ತುಂಬುವುದು ಅದನ್ನೇ. ಹಳೆಯ ಪ್ರೋಗ್ರಾಂಗಳಲ್ಲಿ ಕೆಲವು ತಾವು ಯಾವ ಫೋಲ್ಡರಿನಲ್ಲಿ ಶುರುವಾಗುತ್ತವೋ ಅಲ್ಲೇ ತಮ್ಮ ಡೇಟಾ ಹುಡುಕುತ್ತವೆ. ಸಿಗದಿದ್ದರೆ ಹೊಸ ಖಾತೆ ಪುಸ್ತಕವೆಂದು ತಿಳಿದು ಖಾಲಿ ಪುಟ ತೆರೆಯುತ್ತವೆ. ಸಂಘದ ಲೆಕ್ಕವೆಲ್ಲ ಡಿ ಡ್ರೈವಿನಲ್ಲಿ ಬೇರೊಂದು ಫೋಲ್ಡರಿನಲ್ಲಿತ್ತು. ಮೊದಲ ಸಲ ಪ್ರೋಗ್ರಾಂ ಹಾಕಿದವರು ಹಳೆಯ ಶಾರ್ಟ್‌ಕಟ್‌ನಲ್ಲಿ ಆ ಫೋಲ್ಡರಿನ ಹೆಸರನ್ನು ಬರೆದಿಟ್ಟಿದ್ದರು, ಅಷ್ಟೆ. ಡಿ ಡ್ರೈವ್ ತೆರೆದು, ಆ ಫೋಲ್ಡರಿನ ವಿಳಾಸವನ್ನು ಮೇಲಿನ ಪಟ್ಟಿಯಿಂದ ಕಾಪಿ ಮಾಡಿ, ಸ್ಟಾರ್ಟ್ ಇನ್ ಪೆಟ್ಟಿಗೆಯಲ್ಲಿ ಅಂಟಿಸಿ, ಓಕೆ ಒತ್ತಿ ಮತ್ತೆ ತೆರೆದಾಗ ಮೊದಲ ಸದಸ್ಯರಿಂದ ಹಿಡಿದು ಎಲ್ಲರ ಹೆಸರೂ ಬಂತು. ಈ ಸಂಗತಿಯನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಶಾರ್ಟ್‌ಕಟ್ ತಪ್ಪಾದಾಗ ಪ್ರೋಗ್ರಾಂ ತೆರೆಯದೆ ಇರುತ್ತದೆಂಬುದು ಎಲ್ಲರ ಊಹೆ. ತೆರೆದು, ಖಾಲಿ ಕಾಣಿಸುವುದು ಇನ್ನೂ ಹೆಚ್ಚು ಅಪಾಯ, ಏಕೆಂದರೆ ಗಾಬರಿಯಲ್ಲಿ ಜನ ಆ ಖಾಲಿ ಪುಟದಲ್ಲೇ ಹೊಸದಾಗಿ ಲೆಕ್ಕ ಬರೆಯಲು ಶುರು ಮಾಡುತ್ತಾರೆ.

ಡ್ರೈವಿನ ಅಕ್ಷರ ಬದಲಾಗುವುದು ಇನ್ನೊಂದು ಮಾಮೂಲಿ ಕಾರಣ. ಪ್ರೋಗ್ರಾಂ ಅಥವಾ ಫೈಲು ಇದ್ದದ್ದು ಡಿ ಡ್ರೈವಿನಲ್ಲಿ, ಕಂಪ್ಯೂಟರ್ ರಿಪೇರಿಯಾಗಿ ಬಂದಮೇಲೆ ಅದೇ ಡ್ರೈವು ಇ ಆಗಿದೆ. ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕುಗಳಲ್ಲಂತೂ ಇದು ಪದೇ ಪದೇ ಆಗುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆಯ ಅಕ್ಷರವನ್ನೇ ಕೊಟ್ಟರೆ ಎಲ್ಲ ಶಾರ್ಟ್‌ಕಟ್‌ಗಳೂ ಒಮ್ಮೆಗೇ ಜೀವ ತಳೆಯುತ್ತವೆ, ಒಂದೊಂದನ್ನೇ ತಿದ್ದಬೇಕಿಲ್ಲ. ಫೈಲನ್ನು ಅದೇ ಡ್ರೈವಿನಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದರೆ ಶಾರ್ಟ್‌ಕಟ್ ಅನೇಕ ಸಲ ತಾನಾಗಿ ಪತ್ತೆ ಹಚ್ಚಿಕೊಳ್ಳುವುದನ್ನು ನೀವು ನೋಡಿರಬಹುದು. ವಿಂಡೋಸ್ 2000ದಿಂದ ಈಚೆಗೆ ಇದಕ್ಕಾಗಿ ಹಿನ್ನೆಲೆಯಲ್ಲಿ ಒಂದು ಸೇವೆ ಕೆಲಸ ಮಾಡುತ್ತದೆ. ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕುಗಳಲ್ಲಿ ಫೈಲಿಗೊಂದು ಗುರುತಿನ ಸಂಖ್ಯೆ ಕೊಟ್ಟು ಅದರ ಜಾಡು ಹಿಡಿಯುತ್ತದೆ. ಪೆನ್‌ಡ್ರೈವುಗಳು ಸಾಮಾನ್ಯವಾಗಿ ಬೇರೆ ಮಾದರಿಯಲ್ಲಿರುವುದರಿಂದ ಅಲ್ಲಿ ಈ ಅನುಕೂಲ ಸಿಗುವುದಿಲ್ಲ.

ಈಚೆಗೆ ಹೆಚ್ಚುತ್ತಿರುವ ದೂರು ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹ ಒನ್‌ಡ್ರೈವ್‌ಗೆ ಸಂಬಂಧಿಸಿದ್ದು. ಮನೆಯಲ್ಲೊಂದು, ಶಾಲೆಯಲ್ಲೊಂದು ಲ್ಯಾಪ್‌ಟಾಪ್ ಇರುವ ಶಿಕ್ಷಕರು, ಎರಡರಲ್ಲೂ ಒಂದೇ ಮೈಕ್ರೋಸಾಫ್ಟ್ ಖಾತೆ ಇಟ್ಟುಕೊಂಡವರು ಹೆಚ್ಚಾಗಿ ಬರೆಯುತ್ತಾರೆ. ಬ್ಯಾಕಪ್ ಚಾಲೂ ಮಾಡಿದಾಗ ಡೆಸ್ಕ್‌ಟಾಪ್ ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗುತ್ತದೆ. ಅಲ್ಲಿಂದ ಎರಡೂ ಕಂಪ್ಯೂಟರಿಗೆ ಇಳಿಯುತ್ತದೆ. ಶಾರ್ಟ್‌ಕಟ್ ಫೈಲಾದ್ದರಿಂದ ಅದೂ ಇಳಿಯುತ್ತದೆ, ಆದರೆ ಪ್ರೋಗ್ರಾಂ ಇಳಿಯುವುದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಹಾಕಿದ ಬರಹ ತಂತ್ರಾಂಶದ ಐಕಾನ್ ಶಾಲೆಯ ಲ್ಯಾಪ್‌ಟಾಪಿನಲ್ಲಿ ಬಿಳಿ ಹಾಳೆಯಾಗಿ ಕೂರುತ್ತದೆ, ಒತ್ತಿದರೆ ಸಿಗುತ್ತಿಲ್ಲವೆನ್ನುತ್ತದೆ. ಬೇಡವೆಂದು ಅಲ್ಲಿ ಅಳಿಸಿದರೆ ಮನೆಯಲ್ಲಿದ್ದ ಸರಿಯಾದ ಐಕಾನ್ ಕೂಡ ಮಾಯ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಪಟ್ಟಿಗೆ ಹೋಗಿ ಡೆಸ್ಕ್‌ಟಾಪನ್ನು ಮಾತ್ರ ಬಿಡಿಸಿ, ಡಾಕ್ಯುಮೆಂಟ್ಸ್ ಹಾಗೇ ಇರಲಿ ಎಂಬುದು ಇಂಥವರಿಗೆ ನನ್ನ ಸಲಹೆ. ಬಿಡಿಸುವ ಮೊದಲು ಡೆಸ್ಕ್‌ಟಾಪಿನಲ್ಲಿರುವ ನಿಜವಾದ ಫೈಲುಗಳನ್ನು ಡಾಕ್ಯುಮೆಂಟ್ಸ್‌ಗೆ ಸರಿಸಿಕೊಳ್ಳಿ.

ಯಾವ ಐಕಾನ್ ಒತ್ತಿದರೂ ಒಂದೇ ಪ್ರೋಗ್ರಾಂ ತೆರೆಯುವ, ಎಲ್ಲ ಐಕಾನ್‌ಗಳೂ ಒಂದೇ ಚಿತ್ರವಾಗುವ ವಿಚಿತ್ರಕ್ಕೆ ಕಾರಣ ಸರಳ. ಎಂದೋ ಒಮ್ಮೆ ಶಾರ್ಟ್‌ಕಟ್ ತೆರೆಯದಿದ್ದಾಗ, ಇದನ್ನು ಯಾವುದರಲ್ಲಿ ತೆರೆಯಲಿ ಎಂಬ ಪ್ರಶ್ನೆಗೆ ನೋಟ್‌ಪ್ಯಾಡನ್ನೋ ಪಿಡಿಎಫ್ ಓದುವ ಆಪನ್ನೋ ತೋರಿಸಿ, ಯಾವಾಗಲೂ ಇದರಲ್ಲೇ ತೆರೆ ಎಂದು ಟಿಕ್ ಹಾಕಿದ್ದರೆ, ಆ ಆಜ್ಞೆ ಎಲ್ಲ ಶಾರ್ಟ್‌ಕಟ್‌ಗಳಿಗೂ ಅನ್ವಯವಾಗಿಬಿಡುತ್ತದೆ. ನೋಡುವುದಕ್ಕೆ ಭಯಂಕರ. ಫಾರ್ಮ್ಯಾಟ್ ಸಲಹೆ ಹೆಚ್ಚಾಗಿ ಬರುವುದೂ ಇಲ್ಲಿಯೇ. ಆದರೆ ಈ ಆಜ್ಞೆ ದಾಖಲಾಗುವುದು ಒಬ್ಬ ಬಳಕೆದಾರರ ಖಾತೆಯಲ್ಲಿ ಮಾತ್ರ. ಅದೇ ಕಂಪ್ಯೂಟರಿನಲ್ಲಿ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ಒಳಹೊಕ್ಕು ನೋಡಿ. ಅಲ್ಲಿ ಎಲ್ಲವೂ ಸರಿಯಾಗಿದ್ದರೆ ವಿಂಡೋಸ್ ಕೆಟ್ಟಿಲ್ಲ ಎಂಬುದು ಖಚಿತ. ಆಮೇಲೆ ರಿಜಿಸ್ಟ್ರಿ ಗೊತ್ತಿರುವವರಿಂದ ನಿಮ್ಮ ಖಾತೆಯಲ್ಲಿ ಶಾರ್ಟ್‌ಕಟ್ ಫೈಲುಗಳ ಹೆಸರಿನಲ್ಲಿ ಸೇರಿಕೊಂಡ ಯೂಸರ್ ಚಾಯ್ಸ್ ಎಂಬ ಒಂದು ನಮೂದನ್ನು ತೆಗೆಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಸಾಕು. ಅಂಗಡಿಯವರಿಗೆ ಈ ಮಾತು ಹೇಳಿ ನೋಡಿ, ಫಾರ್ಮ್ಯಾಟ್ ಮಾತು ಅಲ್ಲಿಗೇ ನಿಲ್ಲುತ್ತದೆ.

ವಿಂಡೋಸ್ 7 ಇನ್ನೂ ನಡೆಯುತ್ತಿರುವ ಹಳೆಯ ಕಂಪ್ಯೂಟರುಗಳಲ್ಲಿ ಬೇರೊಂದು ತೊಡಕಿದೆ. ಅದರ ನಿರ್ವಹಣಾ ಕೆಲಸ ವಾರಕ್ಕೊಮ್ಮೆ ನಡೆಯುತ್ತದೆ. ಡೆಸ್ಕ್‌ಟಾಪಿನ ಮೇಲೆ ನಾಲ್ಕಕ್ಕಿಂತ ಹೆಚ್ಚು ಮುರಿದ ಶಾರ್ಟ್‌ಕಟ್‌ಗಳು ಕಂಡರೆ ಅವನ್ನು ಕೇಳದೆಯೇ ತೆಗೆದುಹಾಕುತ್ತದೆ. ನೆಟ್‌ವರ್ಕ್ ಡ್ರೈವಿನ ಶಾರ್ಟ್‌ಕಟ್‌ಗಳು ಆ ಹೊತ್ತಿಗೆ ಸಂಪರ್ಕ ಇಲ್ಲದಿದ್ದರೆ ಮುರಿದವೆಂದೇ ಲೆಕ್ಕ. ಸೋಮವಾರ ಬಂದು ನೋಡಿದರೆ ಐಕಾನ್ ಇಲ್ಲ ಎಂದು ಬರೆಯುವವರ ಪೈಕಿ ಕೆಲವರದು ಇದೇ ಕಥೆ. ಶಾರ್ಟ್‌ಕಟ್‌ಗಳನ್ನು ಡೆಸ್ಕ್‌ಟಾಪಿನಲ್ಲಿ ಬಿಡಿಯಾಗಿ ಇಡದೆ ಒಂದು ಫೋಲ್ಡರಿನಲ್ಲಿಟ್ಟರೆ ಅವು ಉಳಿಯುತ್ತವೆ.

ಲಿನಕ್ಸ್ ಬಳಸುವ ಓದುಗರಿಗೆ ಒಂದು ಮಾತು. ಅಲ್ಲಿ ಶಾರ್ಟ್‌ಕಟ್ ಎಂದರೆ ಬರೀ ಅಕ್ಷರಗಳ ಫೈಲು. ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಎಕ್ಸೆಕ್ ಎಂದು ಶುರುವಾಗುವ ಸಾಲಿನಲ್ಲಿ ವಿಳಾಸ, ಐಕಾನ್ ಎಂಬ ಸಾಲಿನಲ್ಲಿ ಚಿತ್ರ. ಅನೇಕ ಪ್ರೋಗ್ರಾಂಗಳಲ್ಲಿ ಕೆಎನ್ ಎಂಬ ಗುರುತಿನ ಸಾಲೊಂದಿರುತ್ತದೆ, ಅದರ ಮುಂದೆ ಆ ಪ್ರೋಗ್ರಾಮಿನ ಹೆಸರು ಕನ್ನಡದಲ್ಲೇ ಇರುತ್ತದೆ. ಕನ್ನಡಕ್ಕೆ ಲಿನಕ್ಸ್ ತಂದ ಅನುವಾದಕರು ಕೂತು ತುಂಬಿದ ಸಾಲುಗಳಿವು. ನನಗೆ ಅವರ ಮೇಲೆ ಬಹಳ ಗೌರವ. ಉಬುಂಟುವಿನಲ್ಲಿ ಐಕಾನ್ ಒತ್ತಿದರೂ ತೆರೆಯದಿದ್ದರೆ ರೈಟ್ ಕ್ಲಿಕ್ ಮಾಡಿ ಅಲೋ ಲಾಂಚಿಂಗ್ ಆರಿಸಿ. ನೀವು ಒಪ್ಪಿಗೆ ಕೊಡುವವರೆಗೆ ಅದನ್ನು ನಡೆಸದಿರುವುದು ಅಲ್ಲಿಯ ಪದ್ಧತಿ.

ವಿಂಡೋಸ್‌ನಲ್ಲೂ ಈ ಪದ್ಧತಿ ಇದ್ದಿದ್ದರೆ ನಮ್ಮ ಝೆರಾಕ್ಸ್ ಅಂಗಡಿಗಳಿಂದ ಊರೆಲ್ಲ ಹರಡಿದ ಶಾರ್ಟ್‌ಕಟ್ ವೈರಸ್ ಅಷ್ಟು ಸುಲಭವಾಗಿ ಹಬ್ಬುತ್ತಿರಲಿಲ್ಲ. ಪ್ರಾಜೆಕ್ಟ್ ವರದಿ ಪ್ರಿಂಟ್ ಮಾಡಿಸಲು ಕೊಟ್ಟ ಪೆನ್‌ಡ್ರೈವನ್ನು ಮನೆಗೆ ತಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಅಸಲಿ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ, ಅದೇ ಹಳದಿ ಚಿತ್ರದ ಶಾರ್ಟ್‌ಕಟ್ ಒಂದನ್ನು ವೈರಸ್ ಇಟ್ಟಿರುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಕಂಪ್ಯೂಟರಿಗೆ ಇಳಿಯುತ್ತದೆ. ಹೀಗಾಗಿ ಅನುಮಾನವೇ ಬರುವುದಿಲ್ಲ. ಫೋಲ್ಡರಿನ ಮೇಲೆ ಬಾಣದ ಗುರುತು ಇದ್ದರೆ ಮುಟ್ಟಬೇಡಿ. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ನಿಮ್ಮ ಫೈಲುಗಳು ಪೆನ್‌ಡ್ರೈವಿನಲ್ಲೇ ಇರುತ್ತವೆ, ಫಾರ್ಮ್ಯಾಟ್ ಮಾಡಿ ಕಳೆದುಕೊಳ್ಳಬೇಡಿ. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದರೂ ಅವು ಕಾಣದಿರಬಹುದು, ಏಕೆಂದರೆ ವೈರಸ್ ಅವಕ್ಕೆ ಸಿಸ್ಟಂ ಫೈಲಿನ ಮುದ್ರೆಯನ್ನೂ ಒತ್ತಿರುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲುಗಳನ್ನು ಮರೆಮಾಡು ಎಂಬ ಟಿಕ್ ತೆಗೆದರೆ ಕಾಣುತ್ತವೆ. ಬೇಕಾದವನ್ನು ಕಾಪಿ ಮಾಡಿಕೊಂಡು ಆ ಟಿಕ್ಕನ್ನು ಮತ್ತೆ ಹಾಕಿಬಿಡಿ.

ಶಾರ್ಟ್‌ಕಟ್ ಎಷ್ಟು ಅಪಾಯಕಾರಿ ಆಗಬಲ್ಲದು ಎಂಬುದನ್ನು ಜಗತ್ತು ನೋಡಿದ್ದು 2010ರಲ್ಲಿ. ಇರಾನಿನ ನತಾಂಜ್ ಅಣು ಸ್ಥಾವರವನ್ನು ಗುರಿಯಾಗಿಸಿದ ಸ್ಟಕ್ಸ್‌ನೆಟ್ ಎಂಬ ಕೇಡಿನ ಪ್ರೋಗ್ರಾಂ ಹರಡಲು ಬಳಸಿದ ದಾರಿಗಳಲ್ಲಿ ಒಂದು ಈ ಫೈಲು. ಅದನ್ನು ಕ್ಲಿಕ್ ಮಾಡುವುದೂ ಬೇಕಿರಲಿಲ್ಲ. ಪೆನ್‌ಡ್ರೈವ್ ತೆರೆದಾಗ ವಿಂಡೋಸ್ ಅದರ ಚಿತ್ರವನ್ನು ತೋರಿಸಲು ಹೋದೊಡನೆ ಒಳಗಿದ್ದ ಕೋಡ್ ನಡೆದುಬಿಡುತ್ತಿತ್ತು. ಸೋಂಕು ಹೆಚ್ಚು ಕಂಡ ದೇಶಗಳಲ್ಲಿ ಇರಾನ್, ಇಂಡೋನೇಷ್ಯಾಗಳ ನಂತರ ಭಾರತವಿತ್ತು. ಆ ವರ್ಷದ ಆಗಸ್ಟ್ 2ರಂದು ಮೈಕ್ರೋಸಾಫ್ಟ್ ಆ ಬಿರುಕನ್ನು ತುರ್ತಾಗಿ ಮುಚ್ಚಿತು. ಹಾಗಿದ್ದೂ ಒಂದು ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಧೋರಣೆ ನನಗೆ ಸರಿಕಾಣುವುದಿಲ್ಲ. ಫೈಲಿನ ಹೆಸರಿನ ಬಾಲವನ್ನು ವಿಂಡೋಸ್ ಮೊದಲಿನಿಂದ ಮರೆಮಾಡಿಯೇ ಕೊಡುತ್ತದೆ. ಬಾಲ ತೋರಿಸು ಎಂದು ಸೆಟ್ಟಿಂಗ್ ಬದಲಿಸಿದರೂ ಶಾರ್ಟ್‌ಕಟ್‌ನ ಬಾಲವನ್ನು ಮಾತ್ರ ತೋರಿಸುವುದಿಲ್ಲ. ಹೆಸರಿನ ಕೊನೆಗೆ ಪಿಡಿಎಫ್ ಎಂದು ಬರೆದು, ಪಿಡಿಎಫ್ ಚಿತ್ರ ಅಂಟಿಸಿದ ಶಾರ್ಟ್‌ಕಟ್ ಒಂದನ್ನು ಯಾರಾದರೂ ಕಳಿಸಿದರೆ, ಜನಸಾಮಾನ್ಯರಿಗೆ ಆ ಪುಟ್ಟ ಬಾಣ ಬಿಟ್ಟರೆ ಬೇರೆ ಸುಳಿವಿಲ್ಲ. ಬಾಲವನ್ನು ಎಲ್ಲರಿಗೂ ಕಾಣುವಂತೆ ಮಾಡಬೇಕು. ಅದರಿಂದ ಯಾರಿಗೂ ನಷ್ಟವಿಲ್ಲ.

2022ರಲ್ಲಿ ಇಂಟರ್ನೆಟ್ಟಿನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳಿಗೆ ಮೈಕ್ರೋಸಾಫ್ಟ್ ತಡೆಯೊಡ್ಡಿದ ಮೇಲೆ ವಂಚಕರಲ್ಲಿ ಅನೇಕರು ಶಾರ್ಟ್‌ಕಟ್‌ಗಳತ್ತ ಹೊರಳಿದ್ದಾರೆ. ಬಿಲ್, ನೋಟಿಸ್, ನೇಮಕಾತಿ ಪತ್ರ ಎಂಬ ಹೆಸರಿನ ಜಿಪ್ ಫೈಲಿನೊಳಗೆ ಅದನ್ನು ಇಟ್ಟು ಕಳಿಸುತ್ತಾರೆ. ಇಂಥದರ ಟಾರ್ಗೆಟ್ ಪೆಟ್ಟಿಗೆಯಲ್ಲಿ ಪವರ್‌ಶೆಲ್, ಸಿಎಂಡಿ, ಎಂಎಸ್‌ಎಚ್‌ಟಿಎ ಎಂಬ ಹೆಸರುಗಳು ಕಂಡರೆ ಅದು ಬಿಲ್ ಅಲ್ಲ. ಕಾಣದಿದ್ದರೆ ಸುರಕ್ಷಿತ ಎಂದು ತಿಳಿಯುವಂತೆಯೂ ಇಲ್ಲ. ವಿಳಾಸದ ನಡುವೆ ಖಾಲಿ ಜಾಗವನ್ನು ಉದ್ದಕ್ಕೆ ತುಂಬಿ, ಕೇಡಿನ ಭಾಗ ಪ್ರಾಪರ್ಟೀಸ್ ಕಿಟಕಿಯಲ್ಲಿ ಕಾಣದಂತೆ ಅಡಗಿಸುವ ತಂತ್ರವನ್ನು 2025ರ ಮಾರ್ಚಿನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆಯ ತಜ್ಞರು ಬಯಲಿಗೆ ತಂದರು. ನಿಮ್ಮ ಕಂಪ್ಯೂಟರಿನಲ್ಲಿ ಹುಟ್ಟಿದ ಶಾರ್ಟ್‌ಕಟ್‌ನ ವಿಳಾಸವನ್ನು ಓದಿ ನಂಬಬಹುದು. ಹೊರಗಿನಿಂದ ಬಂದದ್ದನ್ನು ಓದುವ ಗೋಜಿಗೂ ಹೋಗದೆ ಅಳಿಸಿಬಿಡಿ. ಬೇರೆಯವರ ಕಂಪ್ಯೂಟರಿನ ವಿಳಾಸ ಬರೆದ ಚೀಟಿಯನ್ನು ನಿಮಗೆ ಇಮೇಲಿನಲ್ಲಿ ಕಳಿಸಲು ಯಾವ ಬ್ಯಾಂಕಿಗೂ, ಯಾವ ಇಲಾಖೆಗೂ ಪ್ರಾಮಾಣಿಕ ಕಾರಣ ಇರಲಾರದು.

ಅಂಥದ್ದನ್ನು ಈಗಾಗಲೇ ಒತ್ತಿದ್ದರೆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕವನ್ನು ಕೂಡಲೇ ತಪ್ಪಿಸಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರಿನಿಂದ ಅಲ್ಲದೆ ಫೋನಿನಿಂದ ಬದಲಿಸಿ. ಸಹಾಯ ಮಾಡುತ್ತೇವೆಂದು ಕರೆ ಮಾಡಿ ರಿಮೋಟ್ ಆಪ್ ಹಾಕಿಕೊಳ್ಳಿ ಎನ್ನುವವರಿಗೆ ಕಿವಿಗೊಡಬೇಡಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಇದು ದೇಶದ ಸೈಬರ್ ಅಪರಾಧ ಸಹಾಯವಾಣಿ. ಎಷ್ಟು ಬೇಗ ಕರೆ ಹೋಗುತ್ತದೋ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು.